ಸರಕು ಇಳಿಸಲು ಜಾಗ ಕೊಡಿ, ನಡೆಯುವವರ ದಾರಿಯನ್ನಲ್ಲ

ಮಾನ್ಯ ಸಂಪಾದಕರೇ,

ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಸರಕು ಇಳಿಸುವ ವಿಚಾರದಲ್ಲಿ ವರ್ತಕರಿಗೂ ಆ ಬೀದಿಯಲ್ಲಿ ವಾಸಿಸುವ, ನಡೆದಾಡುವ ಜನರಿಗೂ ಹುಟ್ಟುವ ಜಗಳ ಹೆಚ್ಚಾಗಿ ಎರಡೇ ಮಾತುಗಳಲ್ಲಿ ಬಂದು ನಿಲ್ಲುತ್ತದೆ. ಲಾರಿಗಳನ್ನು ಬೀದಿಯೊಳಗೆ ಬಿಡಲೇಬಾರದು ಎಂದು ಒಂದು ಕಡೆಯವರು ಅರ್ಜಿ ಕೊಡುತ್ತಾರೆ. ಹಾಗೆ ಮಾಡಿದರೆ ವ್ಯಾಪಾರವೇ ನಿಂತುಹೋಗುತ್ತದೆ, ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂದು ಇನ್ನೊಂದು ಕಡೆಯವರು ಪ್ರತಿ ಅರ್ಜಿ ಕೊಡುತ್ತಾರೆ. ಯಾರ ಅರ್ಜಿಗೆ ಹೆಚ್ಚು ಸಹಿ ಬಿತ್ತು ಎಂಬುದನ್ನು ನೋಡಿ ತೀರ್ಮಾನ ಮಾಡಿದರೆ, ಆ ತೀರ್ಮಾನ ಯಾವ ಕಡೆಗೆ ಹೋದರೂ ಅಪಾಯ ಮಾತ್ರ ಇದ್ದಲ್ಲೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಮ್ಮ ಓದುಗರ ಮುಂದೆಯೂ ಇಂತಹ ಅರ್ಜಿಗಳನ್ನು ವಿಲೇವಾರಿ ಮಾಡುವ ಅಧಿಕಾರಿಗಳ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವರ್ತಕರ ಮಾತನ್ನು ನ್ಯಾಯವಾಗಿ ಕೇಳಬೇಕು. ದೊಡ್ಡ ಮಳಿಗೆಗಳು ಕಟ್ಟಡದ ಹಿಂಭಾಗದಲ್ಲಿ ಲಾರಿ ಬಂದು ನಿಲ್ಲುವ ಕಟ್ಟೆಯನ್ನೂ ಗೋದಾಮನ್ನೂ ಕಟ್ಟಿಸಿಕೊಂಡಿರುತ್ತವೆ. ಬೀದಿ ಬದಿಯ ಚಿಕ್ಕ ಅಂಗಡಿಗೆ ಗಿರಾಕಿ ಬರುವುದೂ ಸರಕು ಬರುವುದೂ ಒಂದೇ ಬಾಗಿಲಿನಿಂದ. ದಾಸ್ತಾನು ಇಡಲು ಜಾಗವಿಲ್ಲದ ಕಾರಣ ಅದು ಒಮ್ಮೆಗೇ ಹೆಚ್ಚು ಸರಕು ತರಿಸಲಾರದು, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ತರಿಸಬೇಕಾಗುತ್ತದೆ. ಅದರ ಮೇಲೆ ಪ್ರತಿಯೊಬ್ಬ ಪೂರೈಕೆದಾರನೂ ತನ್ನದೇ ವಾಹನದಲ್ಲಿ, ತನಗೆ ಅನುಕೂಲವಾದ ಹೊತ್ತಿಗೆ ಕಳಿಸುತ್ತಾನೆ. ಹೀಗಾಗಿ ಮಾರಾಟವಾಗುವ ಸರಕಿನ ಲೆಕ್ಕದಲ್ಲಿ ನೋಡಿದರೆ ದೊಡ್ಡ ಮಳಿಗೆಗಿಂತ ಚಿಕ್ಕ ಅಂಗಡಿಯ ಮುಂದೆಯೇ ಹೆಚ್ಚು ಸಲ ವಾಹನ ನಿಲ್ಲುತ್ತದೆ. ಇದು ಆ ವರ್ತಕನ ಉಡಾಫೆಯಲ್ಲ, ಅವನ ವ್ಯಾಪಾರದ ಸ್ವರೂಪವೇ ಹಾಗಿದೆ. ಅಂತಹ ಅಂಗಡಿಗಳು ಮುಚ್ಚಿಹೋದರೆ ನಡೆದು ಹೋಗಿ ಕೊಳ್ಳುತ್ತಿದ್ದವರು ವಾಹನ ಹತ್ತಿ ದೂರದ ಮಳಿಗೆಗೆ ಹೋಗಬೇಕಾಗುತ್ತದೆ, ಅದರಿಂದ ಬೀದಿಯ ಸುರಕ್ಷತೆಗೆ ಯಾವ ಲಾಭವೂ ಇಲ್ಲ.

ಪೂರ್ತಿ ನಿಷೇಧ ಹೇರಿದರೆ ಸರಕು ಬರುವುದು ನಿಲ್ಲುವುದಿಲ್ಲ, ಇಳಿಸುವ ಜಾಗವಷ್ಟೇ ಬದಲಾಗುತ್ತದೆ. ಚಾಲಕ ಒಂದೆರಡು ಸುತ್ತು ಹಾಕಿ, ಎಲ್ಲಿಯೂ ಜಾಗ ಸಿಗದಿದ್ದಾಗ ಮೊದಲೇ ನಿಂತಿರುವ ವಾಹನಗಳ ಪಕ್ಕದಲ್ಲಿ, ರಸ್ತೆಯ ಅರ್ಧ ಭಾಗವನ್ನು ಆಕ್ರಮಿಸಿ ನಿಲ್ಲುತ್ತಾನೆ; ಇಲ್ಲವೇ ಯಾರೂ ವಾಹನ ನಿಲ್ಲಿಸದ ಕಾರಣಕ್ಕೇ ಖಾಲಿ ಇರುವ ತಿರುವಿನಲ್ಲೋ ರಸ್ತೆ ದಾಟುವ ಪಟ್ಟೆಯ ಪಕ್ಕದಲ್ಲೋ ನಿಲ್ಲುತ್ತಾನೆ. ಅಲ್ಲಿಂದ ಅಂಗಡಿಯವರೆಗೆ ಹಮಾಲರು ತುಂಬಿದ ಕೈಗಾಡಿಯನ್ನು ಓಡಾಡುವ ವಾಹನಗಳ ನಡುವೆ ತಳ್ಳಿಕೊಂಡು ಹೋಗಬೇಕು. ಇಳಿಸುವ ಜಾಗ ದೂರವಾದಷ್ಟೂ ಕೆಲಸದ ಹೊತ್ತು ಹೆಚ್ಚುತ್ತದೆ, ಹೊತ್ತು ಹೆಚ್ಚಿದಷ್ಟೂ ಲಾರಿ ಅಪಾಯದ ಜಾಗದಲ್ಲಿ ನಿಂತಿರುವುದು ಹೆಚ್ಚುತ್ತದೆ. ನಿಷೇಧದ ಫಲಕ ಹಾಕಿದ ಇಲಾಖೆಗೆ ಕೆಲಸ ಮುಗಿಯಿತು ಎನಿಸಬಹುದು. ಬೀದಿಯಲ್ಲಿ ನಡೆಯುವವರಿಗೆ ಹಾಗೆ ಅನ್ನಿಸುವುದಿಲ್ಲ.

ಹಾಗಾದರೆ ಅಪಾಯ ನಿಜವಾಗಿ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು. ನಿಂತ ಲಾರಿ ತಾನಾಗಿ ಯಾರ ಮೇಲೂ ಹಾಯುವುದಿಲ್ಲ. ಅದು ಮಾಡುವ ಕೇಡು ಬೇರೆಯವರ ನೋಟವನ್ನು ಮರೆಮಾಡುವುದು ಮತ್ತು ಬೇರೆಯವರ ದಾರಿಯನ್ನು ಬದಲಿಸುವುದು. ಎಂಟು ಹತ್ತು ಮೀಟರ್ ಉದ್ದದ, ಮನುಷ್ಯನಿಗಿಂತ ಎತ್ತರದ ಒಂದು ಗೋಡೆಯನ್ನು ಅರ್ಧ ಗಂಟೆಯ ಮಟ್ಟಿಗೆ ರಸ್ತೆಯಂಚಿನಲ್ಲಿ ಎಬ್ಬಿಸಿದ ಹಾಗೆ ಅದು. ಆ ಗೋಡೆಯ ಮುಂಭಾಗದಿಂದ ರಸ್ತೆಗೆ ಕಾಲಿಡುವ ಮಗು ಬರುವ ವಾಹನದ ಚಾಲಕನಿಗೆ ಕಾಣುವುದಿಲ್ಲ, ಮಗುವಿಗೂ ವಾಹನ ಕಾಣುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಸಾಗುತ್ತದೆ. ಕಂಡದ್ದನ್ನು ಅರಿತು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಅದು ಪೂರ್ತಿ ನಿಲ್ಲಲು ಒಟ್ಟು 28 ಮೀಟರಿನಷ್ಟು ದೂರ ಬೇಕು. ಅದೇ ವಾಹನ 30 ಕಿ.ಮೀ. ವೇಗದಲ್ಲಿದ್ದರೆ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ಅಂದರೆ ನಿಧಾನವಾಗಿ ಬಂದವನು ಪೂರ್ತಿ ನಿಂತಿರುವ ಜಾಗದಲ್ಲಿ ವೇಗವಾಗಿ ಬಂದವನು ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮಾವೇಶವು ಪಾದಚಾರಿಗಳೂ ವಾಹನಗಳೂ ಬೆರೆಯುವ ಜಾಗಗಳಲ್ಲಿ 30 ಕಿ.ಮೀ. ಮಿತಿ ಇರಬೇಕೆಂದು ಘೋಷಣೆ ಹೊರಡಿಸಿದ್ದು ಸುಮ್ಮನೆ ಅಲ್ಲ. ಸರಕು ಇಳಿಸುವ ಬೀದಿಗಳಲ್ಲಿ ಲಾರಿಯ ಮೇಲೆ ನಿರ್ಬಂಧ ಹಾಕುವವರು ಪಕ್ಕದಲ್ಲಿ ಹಾದುಹೋಗುವ ವಾಹನಗಳ ವೇಗದ ಬಗ್ಗೆ ಒಂದು ಮಾತನ್ನೂ ಆಡದಿರುವುದು ನನಗೆ ಅರ್ಥವಾಗದ ಸಂಗತಿ.

ನೋಟದ ಪ್ರಶ್ನೆ ಅತ್ಯಂತ ತೀವ್ರವಾಗುವುದು ತಿರುವುಗಳಲ್ಲಿ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹೊಬೊಕೆನ್ ಎಂಬ ದಟ್ಟ ಜನವಸತಿಯ ಚಿಕ್ಕ ನಗರ ತನ್ನ ಕೂಡುರಸ್ತೆಗಳ ಮೂಲೆಗಳಲ್ಲಿ ಯಾವ ವಾಹನವೂ ನಿಲ್ಲದಂತೆ ನೋಡಿಕೊಂಡಿತು. ವೇಗದ ಮಿತಿಯನ್ನೂ ಇಳಿಸಿತು, ದಾಟುವ ಪಟ್ಟೆಗಳನ್ನೂ ಸರಿಪಡಿಸಿತು. 2017ರ ಜನವರಿಯ ನಂತರ ಏಳು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ರಸ್ತೆ ಅಪಘಾತದಿಂದ ಒಂದು ಸಾವೂ ಸಂಭವಿಸಲಿಲ್ಲ. ಇದಕ್ಕೆ ಮೂಲೆಗಳ ತೆರವು ಒಂದೇ ಕಾರಣ ಎನ್ನಲಾಗದು, ಆದರೆ ಅಲ್ಲಿ ಕೆಲಸ ಮಾಡಿದವರು ಮೊದಲು ಹೇಳುವ ಕಾರಣಗಳಲ್ಲಿ ಅದೂ ಒಂದು. ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಮಾಡಿದ ಕಾನೂನು ಕೂಡ ದಾಟುವ ಪಟ್ಟೆಗೆ ವಾಹನಗಳು ಬರುವ ದಿಕ್ಕಿನಲ್ಲಿ 20 ಅಡಿಯಷ್ಟು ಜಾಗವನ್ನು ಖಾಲಿ ಬಿಡಿಸುತ್ತದೆ. ಕಾರು ನಿಂತರೇ ನೋಟಕ್ಕೆ ಅಡ್ಡಿಯಾಗುವ ಜಾಗದಲ್ಲಿ ಲಾರಿ ನಿಂತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಬದಲಿಸುವ ಕೇಡು ಇದಕ್ಕಿಂತ ಕಡಿಮೆ ಗಮನಕ್ಕೆ ಬರುತ್ತದೆ, ಏಕೆಂದರೆ ಅದನ್ನು ಅನುಭವಿಸುವವರು ದೂರು ಕೊಡುವವರಲ್ಲ. ಎರಡು ಚಕ್ರಗಳನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಲಾರಿಯ ಚಾಲಕ ತಾನು ರಸ್ತೆಗೆ ಅಡ್ಡಿಯಾಗದಂತೆ ನಡೆದುಕೊಂಡೆ ಎಂದೇ ನಂಬಿರುತ್ತಾನೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯಲು 1.8 ಮೀಟರ್ ಅಗಲ ಬೇಕು, ಒಂದಕ್ಕೇ ಆದರೂ 90 ಸೆಂಟಿಮೀಟರಿಗೆ ಕಡಿಮೆಯಾಗುವಂತಿಲ್ಲ. ಆ ಅಗಲ ಸಿಗದಿದ್ದಾಗ ಗಾಲಿಕುರ್ಚಿಯವರು ರಸ್ತೆಗೆ ಇಳಿಯಲೂ ಆಗದೆ, ಹಿಂದಕ್ಕೆ ತಿರುಗಿ ಫುಟ್‌ಪಾತಿನ ಇಳಿಜಾರು ಸಿಗುವವರೆಗೂ ಹೋಗಬೇಕು. ದೃಷ್ಟಿಯಿಲ್ಲದವರ ಬಿಳಿ ಕೋಲು ನೆಲದ ಮೇಲಿರುವ ಮೂಟೆಯನ್ನು ತಿಳಿಸುತ್ತದೆ. ಲಾರಿಯ ಹಿಂಭಾಗದಿಂದ ಸೊಂಟದ ಎತ್ತರಕ್ಕೆ ಚಾಚಿಕೊಂಡಿರುವ ಸರಕು ಇಳಿಸುವ ಹಲಗೆಯನ್ನು ಅದು ತಿಳಿಸುವುದಿಲ್ಲ, ಅದರ ಕೆಳಗಿನಿಂದ ಕೋಲು ತೂರಿಹೋಗುತ್ತದೆ, ಮೈ ಹೋಗಿ ಬಡಿಯುತ್ತದೆ. ಇನ್ನು ಅಗ್ನಿಶಾಮಕ ವಾಹನದ ಮಾತು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಅದು ನಿಂತು ಕೆಲಸ ಮಾಡಲು 3.7 ಮೀಟರ್ ಅಗಲ ಬೇಕು. ಏಳು ಮೀಟರ್ ಅಗಲದ ಬೀದಿಯ ಒಂದು ಬದಿಯಲ್ಲಿ ಎರಡೂವರೆ ಮೀಟರ್ ಅಗಲದ ಲಾರಿ, ಇನ್ನೊಂದು ಬದಿಯಲ್ಲಿ ಎರಡು ಮೀಟರ್ ಜಾಗ ಹಿಡಿದ ಕಾರು ನಿಂತರೆ ನಡುವೆ ಉಳಿಯುವುದು ಎರಡೂವರೆ ಮೀಟರ್ ಮಾತ್ರ.

ಇಷ್ಟನ್ನು ಒಪ್ಪಿದರೆ ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಟ್ಟುಕೊಡಲಾಗದು ಎಂಬ ಗೆರೆ ತಾನಾಗಿ ಕಾಣುತ್ತದೆ. ನಡೆಯುವವರ ಪಾದಪಥ, ತಿರುವು ಮತ್ತು ದಾಟುವ ಪಟ್ಟೆಯ ಬಳಿಯ ನೋಟ, ತುರ್ತು ವಾಹನ ಹಾಯುವ ಅಗಲ, ಇವು ಮೂರೂ ಚೌಕಾಸಿಗೆ ಒಳಪಡುವ ವಸ್ತುಗಳಲ್ಲ. ಎಷ್ಟೇ ಹಳೆಯ ಅಂಗಡಿಯಾಗಲಿ, ಐದೇ ನಿಮಿಷದ ಕೆಲಸವಾಗಲಿ, ಇವುಗಳನ್ನು ಕೊಡಲಾಗದು. ಉಳಿದದ್ದೆಲ್ಲವೂ, ಅಂದರೆ ಯಾವ ಹೊತ್ತು, ಯಾವ ಬದಿ, ಎಷ್ಟು ನಿಮಿಷ, ಯಾರ ವಾಹನಗಳ ಜಾಗ ಎಂಬುದೆಲ್ಲವೂ ಕೂತು ಮಾತಾಡಿ ತೀರ್ಮಾನಿಸಬಹುದಾದದ್ದು, ಅದರಲ್ಲಿ ವರ್ತಕರಿಗೆ ಧಾರಾಳವಾಗಿಯೇ ಕೊಡಬೇಕು.

ಧಾರಾಳವಾಗಿ ಕೊಡಲು ಜಾಗವೆಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟವಾಗಿದೆ. ರಸ್ತೆಯಂಚಿನಲ್ಲಿ ಲಾರಿಯ ನಿಜವಾದ ಪ್ರತಿಸ್ಪರ್ಧಿ ಪಾದಚಾರಿಯಲ್ಲ, ಬೆಳಿಗ್ಗೆ ಬಂದು ನಿಂತು ಸಂಜೆಯವರೆಗೆ ಕದಲದ ಕಾರು. ಎರಡು ಕಾರುಗಳು ಹಿಡಿಯುವ ಹನ್ನೆರಡು ಮೀಟರ್ ಉದ್ದದ ಜಾಗವನ್ನು ಸರಕು ಇಳಿಸಲೆಂದು ಗುರುತು ಮಾಡಿ, ಒಂದು ವಾಹನಕ್ಕೆ ಅರ್ಧ ಗಂಟೆ ಎಂದು ಮಿತಿ ಇಟ್ಟರೆ, ಹತ್ತು ಗಂಟೆಯಲ್ಲಿ ಇಪ್ಪತ್ತು ವಾಹನಗಳ ಕೆಲಸ ಅಲ್ಲಿ ಮುಗಿಯುತ್ತದೆ. ಕಾರುಗಳಿಗೆ ಬಿಟ್ಟರೆ ಅದೇ ಜಾಗದಿಂದ ಇಡೀ ದಿನ ಇಬ್ಬರಿಗೆ ಉಪಕಾರ. ಅವು ಕೆಲವೊಮ್ಮೆ ಅಂಗಡಿಯ ಮಾಲೀಕರ, ಅಲ್ಲಿನ ಕೆಲಸಗಾರರ ವಾಹನಗಳೇ ಆಗಿರುತ್ತವೆ ಎಂಬುದನ್ನು ವರ್ತಕ ಮಿತ್ರರು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬಾರ್ಸಿಲೋನಾ ನಗರದಲ್ಲಿ ಸರಕು ಇಳಿಸುವ ಜಾಗಗಳಿಗೆ ಸಾಮಾನ್ಯವಾಗಿ 30 ನಿಮಿಷದ ಮಿತಿಯಿದೆ, ಚಾಲಕ ಬಂದ ಹೊತ್ತನ್ನು ಮೊಬೈಲಿನಲ್ಲಿ ದಾಖಲಿಸಬೇಕು. ಅಲ್ಲಿಯ ಕೆಲವು ರಸ್ತೆಗಳಲ್ಲಿ ಒಂದೇ ಪಥವನ್ನು ದಟ್ಟಣೆಯ ಹೊತ್ತಿನಲ್ಲಿ ಸಂಚಾರಕ್ಕೂ, ನಡುಹಗಲಿನಲ್ಲಿ ಸರಕು ಇಳಿಸಲೂ, ರಾತ್ರಿ ನಿವಾಸಿಗಳ ವಾಹನ ನಿಲ್ಲಿಸಲೂ ಬಳಸುವ ಏರ್ಪಾಡನ್ನು ಮಾಡಿದರು. ಜಾಗವಿಲ್ಲ ಎಂದು ಕೈಚೆಲ್ಲುವ ಮೊದಲು, ಇರುವ ಜಾಗ ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿದೆ ಎಂದು ನೋಡುವುದು ಇಲಾಖೆಯ ಕರ್ತವ್ಯ.

ಹೊತ್ತಿನ ಪ್ರಶ್ನೆ ಬಹಳ ಹಳೆಯದು. ಕ್ರಿ.ಪೂ. 45ರ ಸುಮಾರಿನ, ಜೂಲಿಯಸ್ ಸೀಸರನ ಹೆಸರಿಗೆ ಸೇರಿದ ಕಾನೂನು ರೋಮ್ ನಗರದೊಳಗೆ ಸೂರ್ಯೋದಯದಿಂದ ಹಗಲಿನ ಹತ್ತನೇ ತಾಸಿನವರೆಗೆ, ಅಂದರೆ ಇಳಿಹೊತ್ತಿನವರೆಗೆ, ಸರಕಿನ ಬಂಡಿಗಳನ್ನು ನಿಷೇಧಿಸಿತು; ದೇವಾಲಯ ಕಟ್ಟುವಂತಹ ಸಾರ್ವಜನಿಕ ಕೆಲಸಗಳ ಬಂಡಿಗಳಿಗೆ ಮಾತ್ರ ವಿನಾಯಿತಿ. ಆದರೆ ರಾತ್ರಿಯ ಬಂಡಿಗಳ ಗದ್ದಲದಲ್ಲಿ ನಿದ್ದೆ ಮಾಡಲಾಗುವುದಿಲ್ಲ ಎಂದು ಮುಂದೆ ಅದೇ ಊರಿನ ಕವಿಯೊಬ್ಬ ಬರೆದ. ಎರಡು ಸಾವಿರ ವರ್ಷಗಳ ನಂತರವೂ ಇದೇ ಇಕ್ಕಟ್ಟು ಮುಂದುವರಿದಿದೆ. ಲಂಡನ್ನಿನಲ್ಲಿ 18 ಟನ್ನಿಗಿಂತ ಭಾರದ ಲಾರಿಗಳಿಗೆ 1985ರಿಂದ ನಿರ್ಬಂಧವಿರುವುದು ರಾತ್ರಿ ಮತ್ತು ವಾರಾಂತ್ಯದಲ್ಲಿ, ಅಂದರೆ ಅಲ್ಲಿ ನಿವಾಸಿಗಳ ನಿದ್ದೆಗೆ ಆದ್ಯತೆ. ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ 2009-10ರಲ್ಲಿ ನಡೆದ ಪ್ರಯೋಗ ಇದಕ್ಕೆ ವಿರುದ್ಧ ದಿಕ್ಕಿನದು: ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಸರಕು ತಲುಪಿಸುವಂತೆ ಪ್ರೋತ್ಸಾಹಿಸಿದರು, ಲಾರಿಗಳು ಬೇಗ ತಲುಪಿದವು, ಜಾಗವೂ ಸುಲಭವಾಗಿ ಸಿಕ್ಕಿತು. ಹಿಂಜರಿದವರು ಸಾಗಣೆದಾರರಲ್ಲ, ಸರಕು ಪಡೆಯುವ ಅಂಗಡಿಗಳು. ಸರಕು ತೆಗೆದುಕೊಳ್ಳಲು ರಾತ್ರಿ ಒಬ್ಬ ಆಳನ್ನು ಇರಿಸಿಕೊಳ್ಳುವ ಖರ್ಚು ಅವರದು. ನಂಬಿಕಸ್ಥ ಚಾಲಕನ ಕೈಗೆ ಕೀಲಿ ಕೊಟ್ಟು, ಯಾರೂ ಇಲ್ಲದಾಗಲೂ ಸರಕು ಒಳಗಿಟ್ಟು ಹೋಗುವ ಏರ್ಪಾಡು ಆದಲ್ಲಿ ಮಾತ್ರ ಅದು ಗಟ್ಟಿಯಾಗಿ ನಿಂತಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಜನವಸತಿಯ ಬೀದಿಗಳಲ್ಲಿ ನಡುರಾತ್ರಿಯ ಇಳಿಕೆಯನ್ನು ನಾನು ಒಪ್ಪುವುದಿಲ್ಲ, ಶಬ್ದಕ್ಕೆ ಕಟ್ಟುನಿಟ್ಟಾದ ಅಳತೆ ಇಟ್ಟ ಹೊರತು. ನೆದರ್‌ಲ್ಯಾಂಡ್ಸ್ ಆ ಅಳತೆಯನ್ನು ಇಟ್ಟಿದೆ: ಅಂಗಡಿಗಳಿಗೆ ಸರಕು ಇಳಿಸುವಾಗಿನ ಶಬ್ದ ಸಂಜೆ 7ರಿಂದ 11ರವರೆಗೆ 65 ಡೆಸಿಬಲ್, ಆಮೇಲೆ ಬೆಳಿಗ್ಗೆ 7ರವರೆಗೆ 60 ಡೆಸಿಬಲ್ ಮೀರಬಾರದು. 60 ಡೆಸಿಬಲ್ ಎಂದರೆ ಹತ್ತಿರ ಕೂತು ಮಾತನಾಡುವ ಮಟ್ಟ. ಲಾರಿಯ ಡಾಲಾ, ಅಂದರೆ ಹಿಂಬದಿಯ ಕಬ್ಬಿಣದ ಬಾಗಿಲು, ಬಡಿಯುವ ಸದ್ದು, ಕೈಗಾಡಿಯ ಗಡಗಡ, ಬಂದ್ ಮಾಡದ ಎಂಜಿನ್, ಇವೆಲ್ಲವನ್ನೂ ಸರಿಪಡಿಸದೆ ಆ ಮಟ್ಟಕ್ಕೆ ಬರಲಾಗದ ಕಾರಣ ಅಲ್ಲಿನ ತಯಾರಕರು ರಬ್ಬರಿನ ನೆಲಹಾಸು, ಸದ್ದಿಲ್ಲದ ಗಾಲಿ ಇತ್ಯಾದಿಗಳನ್ನು ತಯಾರಿಸಬೇಕಾಯಿತು. ಅಷ್ಟಕ್ಕೆ ಸಿದ್ಧರಿಲ್ಲದ ಕಡೆ ಶಾಲೆಗೆ ಮಕ್ಕಳು ಹೊರಡುವ ಮುನ್ನಿನ ಮುಂಜಾನೆ, ಅಥವಾ ಅವರು ಶಾಲೆ ಸೇರಿದ ನಂತರದಿಂದ ಮಧ್ಯಾಹ್ನದವರೆಗಿನ ಹೊತ್ತು ಒಳ್ಳೆಯದು. ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಮಾತ್ರ ಆ ದಾರಿಗಳಲ್ಲಿ ಯಾವ ವಿನಾಯಿತಿಯೂ ಸಲ್ಲದು.

ಜವಾಬ್ದಾರಿ ಯಾರದು ಎಂಬಲ್ಲಿ ಈಗಿನ ಪದ್ಧತಿ ನನಗೆ ಅನ್ಯಾಯವೆನಿಸುತ್ತದೆ. ಯಾವ ದಿನ, ಯಾವ ಹೊತ್ತಿಗೆ, ಎಷ್ಟು ದೊಡ್ಡ ಲಾರಿ ಬರಬೇಕೆಂದು ನಿರ್ಧರಿಸುವವರು ಸರಕು ಕಳಿಸುವವರು ಮತ್ತು ಪಡೆಯುವವರು; ದಂಡದ ಚೀಟಿ ಕೈಗೆ ಬರುವುದು ಚಾಲಕನಿಗೆ. ದೊಡ್ಡ ಸಾಗಣೆ ಸಂಸ್ಥೆಗಳಿಗೆ ದಂಡವೂ ಬಾಧಿಸುವುದಿಲ್ಲ. ನ್ಯೂಯಾರ್ಕಿನಲ್ಲಿ ದಂಡವನ್ನು ಪ್ರಶ್ನಿಸುವುದಿಲ್ಲ ಎಂದು ಒಪ್ಪಿಕೊಂಡ ಸಾಗಣೆ ಕಂಪನಿಗಳಿಗೆ ದಂಡದಲ್ಲಿ ರಿಯಾಯಿತಿ ಕೊಡುವ ವ್ಯವಸ್ಥೆಯೇ ನಡೆದುಬಂದಿತು, ಅದರಿಂದ ದಂಡ ಎಂಬುದು ರಸ್ತೆಯ ಬಾಡಿಗೆಯಂತಾಯಿತು ಎಂಬ ಟೀಕೆಯೂ ಬಂತು. ಆದ್ದರಿಂದ ಪರವಾನಗಿಯನ್ನು ಅಂಗಡಿಯ ಹೆಸರಿನಲ್ಲಿ ಕೊಟ್ಟು, ಷರತ್ತು ಮುರಿದಾಗ ಕರೆಸಬೇಕಾದದ್ದು ಅಂಗಡಿಯವರನ್ನೇ. ಲಾರಿ ಹಿಂದಕ್ಕೆ ಬರುವಾಗ ಕೆಳಗಿಳಿದು ನಿಂತು ದಾರಿ ತೋರಿಸುವ ಕ್ಲೀನರ್ ಅಥವಾ ಅಂಗಡಿಯ ಆಳು ಇರಲೇಬೇಕು ಎಂಬುದು ಅದರಲ್ಲಿ ಮೊದಲ ಷರತ್ತಾಗಿರಬೇಕು. ಕೆಲಸದ ಸ್ಥಳಗಳಲ್ಲಿ ವಾಹನಗಳಿಂದಾಗುವ ಸಾವುಗಳಲ್ಲಿ ಸುಮಾರು ಕಾಲು ಭಾಗ ವಾಹನ ಹಿಂದಕ್ಕೆ ಬರುವಾಗಲೇ ಆಗುತ್ತವೆ ಎಂದು ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತದೆ. ಲಂಡನ್ ನಗರವಂತೂ 2021ರ ಮಾರ್ಚಿನಿಂದ, ಚಾಲಕನ ಆಸನದಿಂದ ನೇರವಾಗಿ ಎಷ್ಟು ಕಾಣುತ್ತದೆ ಎಂಬುದನ್ನು ಅಳೆದು ಕೊಡುವ ಪರವಾನಗಿಯನ್ನು 12 ಟನ್ನಿಗಿಂತ ಭಾರದ ಲಾರಿಗಳಿಗೆ ಕಡ್ಡಾಯ ಮಾಡಿದೆ. ಇಕ್ಕಟ್ಟಾದ ಬೀದಿಗೆ ಇಂತಿಷ್ಟಕ್ಕಿಂತ ಉದ್ದದ ಲಾರಿ ಬರಬಾರದು ಎಂದು ಅಂಗಡಿಯವರೇ ಪೂರೈಕೆದಾರನಿಗೆ ಬರೆದು ತಿಳಿಸುವ ಹಾಗಾದರೆ ಅರ್ಧ ತೊಂದರೆ ಬೀದಿಗೆ ಬರುವ ಮೊದಲೇ ತೀರುತ್ತದೆ.

ಹಮಾಲರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಈ ಚರ್ಚೆಯಲ್ಲಿ ಅವರ ಸಹಿ ಯಾವ ಅರ್ಜಿಯಲ್ಲೂ ಇರುವುದಿಲ್ಲ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಹತ್ತು ನಿಮಿಷದಲ್ಲಿ ಲಾರಿ ಖಾಲಿಯಾಗಬೇಕೆಂದು ಇಲಾಖೆ ಆಜ್ಞೆ ಮಾಡಿದರೆ ಆ ಅವಸರ ಬೀಳುವುದು ಅವರ ಬೆನ್ನಿನ ಮೇಲೆ. ಸಮಯದ ಮಿತಿಯನ್ನು ಸರಕಿನ ಪ್ರಮಾಣ ನೋಡಿ ಇಡಬೇಕು. ಕೈಗಾಡಿ ಹತ್ತುವಂತಹ ಇಳಿಜಾರನ್ನು ಇಳಿಸುವ ಜಾಗದ ಪಕ್ಕದಲ್ಲೇ ಮಾಡಿಕೊಡಬೇಕು. ಅದೇ ಇಳಿಜಾರು ಗಾಲಿಕುರ್ಚಿಯವರಿಗೂ ಆಗುತ್ತದೆ.

ಇವೆಲ್ಲವನ್ನೂ ಕಚೇರಿಯಲ್ಲಿ ಕೂತು ನಕ್ಷೆ ನೋಡಿ ತೀರ್ಮಾನಿಸಲಾಗದು. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಗರದ ಸರಕು ಸಾಗಣೆಗೆಂದೇ ಒಂದು ಪ್ರಯೋಗಾಲಯವಿದ್ದು, ಸರಕಿನ ಪಯಣದ ಕೊನೆಯ 50 ಅಡಿ ಎಂಬುದನ್ನೇ, ಅಂದರೆ ಲಾರಿ ನಿಂತಲ್ಲಿಂದ ಪಡೆಯುವವರ ಕೈಗೆ ಹೋಗುವವರೆಗಿನ ದಾರಿಯನ್ನೇ, ಅಧ್ಯಯನದ ವಸ್ತು ಮಾಡಿಕೊಂಡಿದೆ. ಅವರ ಮಟ್ಟದ ಅಧ್ಯಯನ ಪ್ರತಿ ಬೀದಿಗೂ ಬೇಕಿಲ್ಲ. ವಿವಾದವಿರುವ ಬೀದಿಯಲ್ಲಿ ಒಂದು ವಾರ ಒಬ್ಬ ನೌಕರ ನಿಂತು, ಯಾವ ವಾಹನ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ನಿಂತಿತು, ಆ ಹೊತ್ತಿನಲ್ಲಿ ಎಷ್ಟು ಮಂದಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು, ಎಷ್ಟು ಸಲ ಹಠಾತ್ ಬ್ರೇಕ್ ಬಿತ್ತು ಎಂದು ಬರೆದುಕೊಂಡರೆ ಸಾಕು. ಈವರೆಗೆ ಅಪಘಾತವಾಗಿಲ್ಲ ಎಂಬುದನ್ನು ಸುರಕ್ಷತೆಯ ಪುರಾವೆಯಾಗಿ ಯಾರೂ ಮುಂದಿಡಬಾರದು. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳು ಪೊಲೀಸ್ ಠಾಣೆಯ ಕಡತಕ್ಕೆ ಬರುವುದಿಲ್ಲ.

ಆದಕಾರಣ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಇಂತಹ ಅರ್ಜಿ ಬಂದಾಗ ಶಾಶ್ವತ ನಿಷೇಧವನ್ನೂ ಕೊಡಬೇಡಿ, ಶಾಶ್ವತ ಪರವಾನಗಿಯನ್ನೂ ಕೊಡಬೇಡಿ. ಮೇಲೆ ಹೇಳಿದ ಲೆಕ್ಕ ತೆಗೆದ ಬಳಿಕ, ತಿರುವು ಮತ್ತು ದಾಟುವ ಪಟ್ಟೆಯಿಂದ ದೂರವಾಗಿ, ರಸ್ತೆಯ ಮಟ್ಟದಲ್ಲೇ, ಅಂಗಡಿಗಳಿಗೆ ಆದಷ್ಟು ಹತ್ತಿರದಲ್ಲಿ ಸರಕು ಇಳಿಸುವ ಜಾಗವನ್ನು ಗುರುತಿಸಿ ಆರು ತಿಂಗಳ ಮಟ್ಟಿಗೆ ಆದೇಶ ಹೊರಡಿಸಿ. ಆ ಆದೇಶದಲ್ಲಿ ಹೊತ್ತು, ನಿಮಿಷದ ಮಿತಿ, ಲಾರಿಯ ಉದ್ದ, ಹೊಣೆ ಹೊರುವ ಅಂಗಡಿಯ ಹೆಸರು, ದೂರು ಕೊಡುವ ಫೋನ್ ಸಂಖ್ಯೆ ಎಲ್ಲವೂ ಬೀದಿಯಲ್ಲೇ ಓದಲು ಸಿಗುವಂತೆ ಫಲಕದಲ್ಲಿರಲಿ. ಆರು ತಿಂಗಳ ಕೊನೆಗೆ ಅದೇ ಲೆಕ್ಕವನ್ನು ಮತ್ತೊಮ್ಮೆ ತೆಗೆದು, ಎರಡನ್ನೂ ವರ್ತಕರು, ನಿವಾಸಿಗಳು, ಹಮಾಲರು, ಅಂಗವಿಕಲರ ಪ್ರತಿನಿಧಿಗಳು ಕೂಡಿದ ಸಭೆಯ ಮುಂದಿಟ್ಟು, ಆದೇಶವನ್ನು ಮುಂದುವರಿಸಬೇಕೇ, ತಿದ್ದಬೇಕೇ, ರದ್ದು ಮಾಡಬೇಕೇ ಎಂದು ಅಲ್ಲಿಯೇ ತೀರ್ಮಾನಿಸಿ.

ಇತಿ,
ತಮ್ಮ ಪತ್ರಿಕೆಯ ಓದುಗ